ಕಲ್ಲಿಕೋಟೆಯ ಲಂಗರಿನಲ್ಲಿ ಒಂದು ಶುಕ್ರವಾರ

ಇಬ್ನ್ ಬತೂತಾ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಹೊನ್ನಾವರವನ್ನು ನೆನೆಯುತ್ತಾರೆ. ಅಲ್ಲಿನ ಹೆಣ್ಣುಮಕ್ಕಳು ಕುರ್‌ಆನ್ ಬಾಯಿಪಾಠ ಮಾಡಿದ್ದರು, ಆ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಮದರಸಾಗಳಿದ್ದವು ಎಂದು ಆತ ಹೇಳಿದ್ದಾನೆ. ನಮ್ಮ ಜಲ್ಸಾಗಳಲ್ಲಿ, ಶಾಲಾ ಭಾಷಣಗಳಲ್ಲಿ ಈ ಮಾತು ಬರ್ತಾನೇ ಇರುತ್ತೆ. ಬರಲಿ, ಹೆಮ್ಮೆಪಡುವ ಮಾತೇ. ಆದರೆ ಅದೇ ಸಫರ್‌ನಾಮಾದಲ್ಲಿ, ಹೊನ್ನಾವರದಿಂದ ಕೆಲವೇ ಪುಟ ಮುಂದೆ, ಕಲ್ಲಿಕೋಟೆಯ ಒಂದು ಬಿರುಗಾಳಿಯ ವಿವರವಿದೆ. ಅದನ್ನು ಹೇಳುವವರು ಕಡಿಮೆ.

1342ರಲ್ಲಿ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಇಬ್ನ್ ಬತೂತಾನನ್ನು ಚೀನಾದ ಬಾದಶಾಹನ ಬಳಿಗೆ ರಾಯಭಾರಿಯಾಗಿ ಕಳಿಸಿದ. ಜೊತೆಗೆ ಹೊರಟ ಕಾಣಿಕೆಯಲ್ಲಿ 100 ಕುದುರೆಗಳು, 100 ಗುಲಾಮರು, ಹಾಡಿ ಕುಣಿಯುವ 100 ಹೆಣ್ಣುಮಕ್ಕಳು, ಬೆಲೆಬಾಳುವ ಬಟ್ಟೆಗಳು ಇದ್ದವು. ಮನುಷ್ಯರನ್ನೂ ಕುದುರೆಗಳನ್ನೂ ಒಂದೇ ಪಟ್ಟಿಯಲ್ಲಿ ಎಣಿಸುತ್ತಿದ್ದ ಕಾಲ ಅದು. ಗುಜರಾತಿನ ಕರಾವಳಿಯಲ್ಲಿ ಹಡಗು ಹತ್ತಿ, ಗೋವಾ, ಹೊನ್ನಾವರ, ಬಾರಕೂರು, ಮಂಗಳೂರು ದಾಟಿ ಈ ತಂಡ ಕಲ್ಲಿಕೋಟೆಗೆ ಬಂತು. ಅಲ್ಲಿ 13 ಚೀನೀ ಹಡಗುಗಳು ನಿಂತಿದ್ದವು. ಚೀನಾಕ್ಕೆ ಹೋಗುವ ಗಾಳಿ ಬೀಸುವವರೆಗೆ ಮೂರು ತಿಂಗಳು ಕಾಯಬೇಕಾಯಿತು.

ಆ ಹಡಗುಗಳು ನೀರಿನ ಮೇಲಿನ ಊರುಗಳಂತೆ ಇದ್ದವು. ‘ಜಂಕ್’ ಎಂಬ ದೊಡ್ಡ ಹಡಗಿನಲ್ಲಿ ನಾಲ್ಕು ಅಂತಸ್ತು, 600 ಖಲಾಸಿಗಳು, 400 ಸೈನಿಕರು, ಬಿದಿರಿನ ಚಾಪೆಯಂತೆ ಹೆಣೆದ ಹಾಯಿಗಳು. ವ್ಯಾಪಾರಿಗಳಿಗೆ ಬೇರೆ ಬೇರೆ ಕೋಣೆಗಳು, ಕೆಲವಕ್ಕೆ ಒಳಗೇ ಪಾಯಿಖಾನೆ. ಹೆಂಗಸರ ಜೊತೆ ಬಂದವನು ಒಳಗಿಂದ ಬೀಗ ಹಾಕಿಕೊಂಡರೆ, ಬಂದರು ಮುಟ್ಟುವವರೆಗೂ ಆತ ಹಡಗಿನಲ್ಲಿದ್ದಾನೆ ಅನ್ನೋದೇ ಬೇರೆಯವರಿಗೆ ಗೊತ್ತಾಗದೆ ಇರಬಹುದಿತ್ತು. ಖಲಾಸಿಗಳ ಮಕ್ಕಳು ಅಲ್ಲೇ ಬೆಳೆಯುತ್ತಿದ್ದರು. ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆಸುತ್ತಿದ್ದರು. ಅಂದರೆ ಈ ಸಂಸಾರಗಳಿಗೆ ಹಡಗೇ ಮನೆ, ಹಡಗೇ ಹಿತ್ತಲು.

ಇಬ್ನ್ ಬತೂತಾ ತನ್ನ ಮನೆಮಂದಿಗಾಗಿ ಒಂದು ಪ್ರತ್ಯೇಕ ಕೋಣೆ ಕೇಳಿದ. ಒಳ್ಳೆಯ ಕೋಣೆಗಳೆಲ್ಲ ಆಗಲೇ ಚೀನೀ ವ್ಯಾಪಾರಿಗಳ ಪಾಲಾಗಿದ್ದವು. ಸಿಕ್ಕಿದ್ದು ಚಿಕ್ಕದು, ಪಾಯಿಖಾನೆ ಇಲ್ಲದ್ದು. ಹಾಗಾಗಿ ಆತ ತನ್ನ ಸಾಮಾನು, ಸೇವಕರು, ದಾಸಿಯರು ಎಲ್ಲರನ್ನೂ ‘ಕಕಮ್’ ಎಂಬ ಚಿಕ್ಕ ಹಡಗಿಗೆ ಸಾಗಿಸಿದ. ದಾಸಿಯರಲ್ಲಿ ಒಬ್ಬಳು ಗರ್ಭಿಣಿ, ಆಕೆಯ ಹೊಟ್ಟೆಯಲ್ಲಿದ್ದದ್ದು ಈತನದೇ ಮಗು. ಸುಲ್ತಾನನ ಕಾಣಿಕೆ ದೊಡ್ಡ ಜಂಕ್‌ನಲ್ಲಿತ್ತು. ತಾನು ಮಾತ್ರ ಜುಮಾ ನಮಾಜಿಗಾಗಿ ದಡದಲ್ಲೇ ಉಳಿದ.

ಕಲ್ಲಿಕೋಟೆಗೆ ಮರೆ ಕೊಡುವ ಕೊಲ್ಲಿಯಿಲ್ಲ, ಎದುರಿಗೆ ಬಯಲು ಕಡಲು. ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕಬೇಕು, ಜನ ದೋಣಿಯಲ್ಲಿ ಹೋಗಿ ಹತ್ತಬೇಕು. ಕಡಲು ಕೆರಳಿದರೆ ದೋಣಿ ನಡೆಯೋದಿಲ್ಲ. ಆ ಶುಕ್ರವಾರ ಆದದ್ದೂ ಅದೇ. ಸಂಜೆ ಕಡಲು ಎದ್ದಿತು. ದಡದಲ್ಲಿದ್ದವರು ಹಡಗಿಗೆ ಹೋಗಲಾರರು, ಹಡಗಿನಲ್ಲಿದ್ದವರು ದಡಕ್ಕೆ ಬರಲಾರರು. ಇಬ್ನ್ ಬತೂತಾ ಮೈಯೊಡ್ಡಲು ಒಂದು ಜಮಖಾನೆ ಮಾತ್ರ ಇಟ್ಟುಕೊಂಡು ಮರಳಿನ ಮೇಲೆ ರಾತ್ರಿ ಕಳೆದ.

ಶನಿವಾರ, ಪಂದಲಾಯಿನಿಗೆ ಹೋಗಬೇಕಿದ್ದ ಒಂದು ಜಂಕ್ ದಡಕ್ಕೆ ಬಡಿದು ಚೂರಾಯಿತು. ಒಬ್ಬ ವ್ಯಾಪಾರಿಯ ದಾಸಿ ಅದರ ಹಿಂಭಾಗದ ಮರ ಹಿಡಿದು ನೇತಾಡುತ್ತಿದ್ದಳು. ಉಳಿಸಿದವರಿಗೆ ಹತ್ತು ಚಿನ್ನದ ದೀನಾರ್ ಕೊಡ್ತೀನಿ ಅಂತ ವ್ಯಾಪಾರಿ ಕೂಗಿದ. ಹುರ್ಮುಝಿನ ಒಬ್ಬ ಖಲಾಸಿ ನೀರಿಗೆ ಹಾರಿ ಆಕೆಯನ್ನು ತಂದ, ಆದರೆ ಹಣ ಮುಟ್ಟಲಿಲ್ಲ. ಅಲ್ಲಾಹನಿಗಾಗಿ ಮಾಡಿದ್ದು ಅಂದುಬಿಟ್ಟ.

ಆ ರಾತ್ರಿ ಕಾಣಿಕೆಯ ಜಂಕ್ ಕೂಡ ಒಡೆಯಿತು. ಅದರಲ್ಲಿದ್ದವರೆಲ್ಲ ಸತ್ತರು. ಬೆಳಿಗ್ಗೆ ಶವಗಳು ದಡಕ್ಕೆ ಬಂದವು, ತನ್ನ ಜೊತೆಯ ಅಧಿಕಾರಿಗಳಿಬ್ಬರಿಗೆ ಇಬ್ನ್ ಬತೂತಾ ಜನಾಜಾ ನಮಾಜ್ ಮಾಡಿ ದಫನ್ ಮಾಡಿದ. ಕಲ್ಲಿಕೋಟೆಯ ಸಾಮೂದಿರಿ ರಾಜ ಬರಿಗಾಲಲ್ಲಿ ದಡಕ್ಕೆ ಬಂದಿದ್ದ. ತೇಲಿಬಂದ ಸಾಮಾನನ್ನು ಜನ ದೋಚದಂತೆ ಅವನ ಕಾವಲುಗಾರರು ಹೊಡೆದು ಓಡಿಸುತ್ತಿದ್ದರು. ಮಲಬಾರಿನ ಬೇರೆ ಕಡೆ ಒಡೆದ ಹಡಗಿನ ಮಾಲು ರಾಜನ ಖಜಾನೆಗೆ ಹೋಗುತ್ತಿತ್ತು. ಕಲ್ಲಿಕೋಟೆಯಲ್ಲಿ ಅದು ಮಾಲೀಕನಿಗೇ. ದೂರದೂರದ ವ್ಯಾಪಾರಿಗಳು ಈ ಬಂದರನ್ನು ನಂಬಿ ಬರಲು ಇದೂ ಕಾರಣ ಎಂದು ಆತನೇ ಹೇಳುತ್ತಾನೆ.

ಇನ್ನು ಕಕಮ್. ಜಂಕ್‌ಗಳ ಗತಿ ನೋಡಿದ ಕಕಮ್‌ನವರು ಹಾಯಿ ಬಿಚ್ಚಿ ಹೊರಟೇಬಿಟ್ಟರು. ದಡದ ಕಡೆಗೆ ತಳ್ಳುವ ಕಡಲಿನಲ್ಲಿ ಲಂಗರು ನಂಬಿ ಕೂತರೆ, ಅದು ಜಾರಿದಾಗ ಹಡಗು ಹೋಗೋದು ದಡಕ್ಕೇ. ಬದುಕಬೇಕಾದರೆ ಆಳದ ಕಡಲಿಗೆ ಓಡಬೇಕು. ಅವರು ಮಾಡಿದ್ದು ಸರಿಯೇ, ಹಡಗು ಉಳಿಯಿತು. ಆದರೆ ಅದರಲ್ಲಿದ್ದ ಹೆಂಗಸರಿಗೆ ಹೋಗೋದೋ ಇಳಿಯೋದೋ ಅಂತ ಕೇಳಿದವರು ಯಾರೂ ಇರಲಿಲ್ಲ.

ಇಬ್ನ್ ಬತೂತಾ ಹಡಗನ್ನು ಹುಡುಕಿ ಕೊಲ್ಲಂವರೆಗೆ ಹೋದ, ಸಿಗಲಿಲ್ಲ. ಕಾಣಿಕೆಯನ್ನು ಬಿಟ್ಟು ಯಾಕೆ ಉಳಿದೆ ಅಂತ ಸುಲ್ತಾನ ಕೇಳಿದರೆ ಏನು ಹೇಳೋದು ಎಂಬ ಭಯದಲ್ಲಿ ದೆಹಲಿಗೂ ಹೋಗಲಿಲ್ಲ. ಕೊನೆಗೆ ಬಂದದ್ದು ನಮ್ಮ ಹೊನ್ನಾವರಕ್ಕೆ. ಅಲ್ಲಿನ ಸುಲ್ತಾನ ಜಮಾಲುದ್ದೀನ್ ಆಸರೆ ಕೊಟ್ಟ. ಸೇವಕರಿಲ್ಲದ ಒಂದು ಮನೆಯಲ್ಲಿದ್ದುಕೊಂಡು, ದಿನದ ಹೆಚ್ಚಿನ ಹೊತ್ತು ಮಸೀದಿಯಲ್ಲಿ ಕುರ್‌ಆನ್ ಓದುತ್ತಾ ಕಳೆದ. ಮುಂದೆ, ಕಕಮ್‌ನಲ್ಲಿದ್ದ ಇಬ್ಬರು ಗುಲಾಮರು ಬಂದು ಸುದ್ದಿ ಹೇಳಿದರು: ಗರ್ಭಿಣಿ ತೀರಿಕೊಂಡಿದ್ದಾಳೆ, ಉಳಿದ ದಾಸಿಯರನ್ನು ಸುಮಾತ್ರಾದ ದೊರೆ ಇಟ್ಟುಕೊಂಡಿದ್ದಾನೆ, ಸಾಮಾನು ಕಂಡವರ ಪಾಲಾಗಿದೆ.

ಆಕೆಯ ಹೆಸರು ಈ ಪುಟಗಳಲ್ಲಿಲ್ಲ. ಸತ್ತ ಅಧಿಕಾರಿಗಳ ಹೆಸರಿದೆ, ಕೋಣೆ ಕೊಟ್ಟ ಏಜೆಂಟ್ ಸುಲೈಮಾನನ ಹೆಸರಿದೆ, ಕೋಣೆ ಚಿಕ್ಕದಾಯ್ತು ಅಂತ ಬಂದು ಹೇಳಿದ ಸೇವಕ ಹಿಲಾಲನ ಹೆಸರೂ ಇದೆ. ಹೊತ್ತ ಹೊಟ್ಟೆಯಲ್ಲಿ ಆ ಗಾಳಿಯನ್ನು ತಿಂದವಳಿಗೆ ಹೆಸರಿಲ್ಲ. ಆತ ಆಕೆಗಾಗಿ ಕಳವಳಪಟ್ಟದ್ದನ್ನು ಮುಚ್ಚಿಟ್ಟಿಲ್ಲ, ಅದನ್ನೂ ಹೇಳಬೇಕು. ಆದರೂ ಬಿರುಗಾಳಿಯ ಚರಿತ್ರೆಯನ್ನು ಬರೆಸಿದ್ದು ದಡದಲ್ಲಿ ನಿಂತಿದ್ದವನು, ಹಡಗಿನ ಒಳಗೆ ಬೀಗದ ಹಿಂದೆ ಇದ್ದವರಲ್ಲ.

ಮುಂಬೈಯಲ್ಲೋ ಪುಣೆಯಲ್ಲೋ ಬೆಳೆಯುವ ನಮ್ಮ ಮಕ್ಕಳಿಗೆ ಹೊನ್ನಾವರ ಅಂದರೆ ಕೊಂಕಣ ರೈಲಿನ ಒಂದು ಸ್ಟೇಷನ್ ಅಷ್ಟೇ. ಅವರಿಗೆ ಆ 13 ಮದರಸಾಗಳ ಮಾತು ಖಂಡಿತ ಹೇಳೋಣ. ಜೊತೆಗೆ ಕಲ್ಲಿಕೋಟೆಯ ಪುಟವನ್ನೂ ಓದಿಸೋಣ. ಓದು ಕಲಿತ ಹೆಣ್ಣುಮಕ್ಕಳಿದ್ದ ಅದೇ ಕರಾವಳಿಯಲ್ಲಿ, ಅದೇ ಕಾಲದಲ್ಲಿ, ಮಾರಾಟವಾಗಿ ಬಂದ ಹೆಣ್ಣುಮಕ್ಕಳೂ ಹಡಗು ಹತ್ತಿದ್ದರು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಭಾಷಣವಾದೀತು, ಚರಿತ್ರೆಯಾಗದು.