ಮಾನ್ಯಖೇಟದ ಓಲೆ, ಬೆಂಗಳೂರಿನ ಬ್ರಿಕ್

ಮಳಖೇಡ ಅಂದರೆ ಈಗ ಹೆಚ್ಚಿನವರಿಗೆ ನೆನಪಾಗೋದು ಸಿಮೆಂಟ್. ಕಾಗಿಣಾ ದಂಡೆಯ ಹಳೇ ಕೋಟೆ ಆಮೇಲೆ. ಆದರೆ 9ನೇ ಶತಮಾನದಲ್ಲಿ ಇದೇ ಊರು ಅಮೋಘವರ್ಷ ನೃಪತುಂಗನ ಮಾನ್ಯಖೇಟ. ಕನ್ನಡದಲ್ಲಿ ನಮಗೆ ಸಿಕ್ಕಿರೋ ಮೊದಲ ಗ್ರಂಥ ‘ಕವಿರಾಜಮಾರ್ಗ’, ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಎರಡೂ ಅವನ ಕಾಲದವು. 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಈ ರಾಜಧಾನಿಯನ್ನು ಲೂಟಿ ಹೊಡೆದ. ಮರುವರ್ಷ ರಾಜ್ಯವೇ ಚಾಲುಕ್ಯ ತೈಲಪನ ಪಾಲಾಯ್ತು.

ಪುಸ್ತಕಗಳು ಮಾತ್ರ ಉಳಿದವು, ಯಾಕಂದರೆ ಅವು ರಾಜಧಾನಿಯಲ್ಲಷ್ಟೇ ಇರಲಿಲ್ಲ. ಓಲೆಗರಿಗೆ ಹುಳ ಹಿಡಿಯುತ್ತೆ, ಅಂಚು ಮುರಿಯುತ್ತೆ. ಹಾಗಾಗಿ ಬಸದಿ, ಮಠಗಳಲ್ಲಿ ಕೂತವರು ಪ್ರತಿ ಮಾಡ್ತಾ ಹೋದರು. 1898ರಲ್ಲಿ ಕೆ.ಬಿ. ಪಾಠಕರು ಕವಿರಾಜಮಾರ್ಗವನ್ನು ಅಚ್ಚು ಹಾಕಿಸಿದಾಗ ಕೈಯಲ್ಲಿದ್ದದ್ದು ನೃಪತುಂಗನ ಕಾಲದ ಓಲೆಯಲ್ಲ, ಪ್ರತಿಯ ಪ್ರತಿ.

ಬರೆದ ಜಾಗ ಬೇರೆ, ಕಾಪಾಡೋ ಜಾಗ ಬೇರೆ ಅನ್ನೋದು ಕ್ಲೌಡ್ ಮಂದಿಗೆ ಹೊಳೆಯೋಕೆ ಸ್ವಲ್ಪ ಟೈಮ್ ಹಿಡೀತು. 2006ರ ಆಗಸ್ಟ್‌ನಲ್ಲಿ ಅಮೆಜಾನ್ ಇಸಿ2 ಶುರು ಮಾಡಿದಾಗ ವರ್ಚುವಲ್ ಮಷೀನಿನ ಡಿಸ್ಕ್ ಅದು ಓಡ್ತಿದ್ದ ಸರ್ವರ್ ಒಳಗೇ ಇತ್ತು. ವಿಎಂ ಮುಗೀತಾ, ಡೇಟಾನೂ ಮುಗೀತು. ಅಲ್ಲಿ ಡೇಟಾಬೇಸ್ ಇಡೋಕೆ ಗುಂಡಿಗೆ ಬೇಕಿತ್ತು. ಎರಡು ವರ್ಷ ಬಿಟ್ಟು, 2008ರ ಆಗಸ್ಟ್‌ನಲ್ಲಿ ಇಬಿಎಸ್ ಬಂತು. ವಾಲ್ಯೂಮ್ ನೆಟ್‌ವರ್ಕ್‌ನ ಆಚೆ ತನ್ನ ಪಾಡಿಗೆ ಇರುತ್ತೆ. ಒಂದು ವಿಎಂ ಸತ್ತರೆ ಇನ್ನೊಂದಕ್ಕೆ ಜೋಡಿಸಬಹುದು.

ಅದು ಬಾಡಿಗೆ ಮನೆ. ಸ್ವಂತ ಸರ್ವರ್‌ಗಳಲ್ಲೇ ಇಂಥದ್ದು ಬೇಕು ಅನ್ನೋರಿಗೆ ಸಿಕ್ಕ ಉತ್ತರಗಳಲ್ಲಿ ಒಂದು ಗ್ಲಸ್ಟರ್. ಆನಂದ್ ಬಾಬು ಪೆರಿಯಸಾಮಿ ಹುಟ್ಟುಹಾಕಿದ ಕಂಪನಿ. ಆಫೀಸು ಕ್ಯಾಲಿಫೋರ್ನಿಯಾದಲ್ಲಿ, ಎಂಜಿನಿಯರ್‌ಗಳ ತಂಡ ಬೆಂಗಳೂರಿನಲ್ಲಿ. 2011ರ ಅಕ್ಟೋಬರ್‌ನಲ್ಲಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರ್ ಕೊಟ್ಟು ಇದನ್ನು ಕೊಂಡಿತು. ಬೆಂಗಳೂರಿನ ಸಾಫ್ಟ್‌ವೇರ್ ಅಂದರೆ ಬರೀ ಸರ್ವಿಸ್ ಕೆಲಸ ಅಂತ ಮೂಗು ಮುರಿಯೋರಿಗೆ ನಾನು ಇದನ್ನೇ ತೋರಿಸ್ತೀನಿ.

ಕಟ್ಟೋ ರೀತಿ ನೋಡಿ. ಮೂರು ಸರ್ವರ್. ಒಂದೊಂದರಲ್ಲೂ ಒಂದು ಡಿಸ್ಕಿಗೆ ಎಕ್ಸ್‌ಎಫ್‌ಎಸ್ ಹಾಕಿ, ಮೌಂಟ್ ಮಾಡಿ, ಒಳಗೊಂದು ಫೋಲ್ಡರ್. ಅದಕ್ಕೆ ‘ಬ್ರಿಕ್’ ಅಂತಾರೆ. (ನಮ್ಮ ಕಡೆಯವರು ಹೆಸರಿಟ್ಟಿದ್ದರೆ ಶಹಾಬಾದ್ ಪರಸಿ ಅಂತಿದ್ದರೇನೋ.) ‘ಪೀರ್ ಪ್ರೋಬ್’ ಕಮಾಂಡ್ ಕೊಟ್ಟರೆ ಸರ್ವರ್‌ಗಳಿಗೆ ಪರಸ್ಪರ ಪರಿಚಯ ಆಗುತ್ತೆ. ‘ರೆಪ್ಲಿಕಾ 3’ ಅಂತ ವಾಲ್ಯೂಮ್ ಮಾಡಿದರೆ ಬರೆದದ್ದೆಲ್ಲ ಮೂರೂ ಬ್ರಿಕ್‌ಗೆ ಹೋಗುತ್ತೆ. ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡೋಕೆ ಬೇರೆ ಸರ್ವರ್ ಇಲ್ಲ. ಬ್ರಿಕ್‌ಗಳು ಎಷ್ಟೇ ಹೆಚ್ಚಾದರೂ ಫೈಲಿನ ಹೆಸರಿನ ಹ್ಯಾಶ್‌ನಿಂದಲೇ ಜಾಗ ಗೊತ್ತಾಗುತ್ತೆ. ಅಂದರೆ ಸೀಯಕ ಬಂದರೂ ಲೂಟಿ ಹೊಡೆಯೋಕೆ ರಾಜಧಾನಿಯೇ ಇಲ್ಲ.

ಎರಡೇ ಪ್ರತಿ ಸಾಲದಾ ಅಂತ ದುಡ್ಡು ಕೊಡೋರು ಕೇಳೇ ಕೇಳ್ತಾರೆ. ಇಬ್ಬರು ಲಿಪಿಕಾರರ ಓಲೆಯಲ್ಲಿ ಒಂದೇ ಸಾಲು ಬೇರೆ ಬೇರೆ ಇದ್ದರೆ ಸಂಪಾದಕರು ಒಂದನ್ನು ಮೇಲೆ ಹಾಕಿ, ಇನ್ನೊಂದನ್ನು ಪಾಠಾಂತರ ಅಂತ ಅಡಿಟಿಪ್ಪಣಿಗೆ ಕಳಿಸ್ತಾರೆ. ವಿಎಂ ಡಿಸ್ಕಿಗೆ ಪಾಠಾಂತರ ಅನ್ನೋದಿಲ್ಲ. ನಡುವಿನ ನೆಟ್‌ವರ್ಕ್ ಕಡಿದು ಎರಡೂ ಕಡೆ ಬೇರೆ ಬೇರೆ ಬರಹ ಬಿತ್ತೋ, ಅದು ಸ್ಪ್ಲಿಟ್ ಬ್ರೇನ್. ಯಾವುದು ಸರಿ ಅಂತ ಹೇಳೋರಿಲ್ಲ. ಮೂರನೇದು ಬೇಕಾಗೋದು ಬಹುಮತಕ್ಕೆ.

2012ರ ಡಿಸೆಂಬರ್‌ನಲ್ಲಿ ಬಂದ ಕ್ಯೂಎಮು 1.3ರಿಂದ ವಿಎಂ ನೇರವಾಗಿ ಗ್ಲಸ್ಟರ್ ಜೊತೆ ಮಾತಾಡೋ ಹಾಗಾಯ್ತು. ಆಮೇಲೆ ಶಾರ್ಡಿಂಗ್: ದೊಡ್ಡ ಇಮೇಜನ್ನು 64 ಎಂಬಿ ತುಂಡುಗಳಾಗಿ ಇಡೋದು. ಒಂದು ಸರ್ವರ್ ಬಿದ್ದು ಎದ್ದರೆ ಬದಲಾದ ತುಂಡು ಮಾತ್ರ ಸರಿಪಡಿಸಿದರೆ ಸಾಕು. ಒಮ್ಮೆ ಡೇಟಾ ತುಂಬಿದ ಮೇಲೆ ಶಾರ್ಡಿಂಗ್ ಆಫ್ ಮಾಡಬೇಡಿ, ಇಮೇಜ್ ಕೆಟ್ಟುಹೋಗುತ್ತೆ.

2024ರ ಡಿಸೆಂಬರ್ 31ಕ್ಕೆ ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನದ ಸಪೋರ್ಟ್ ನಿಲ್ಲಿಸಿತು. ಕೋಡ್ ಎಲ್ಲೂ ಹೋಗಿಲ್ಲ, ಯಾರು ಬೇಕಾದರೂ ಪ್ರತಿ ತಗೋಬಹುದು. ಶಾರ್ಡಿಂಗ್ ಇಲ್ಲದ ವಾಲ್ಯೂಮ್ ಆದರೆ ಬ್ರಿಕ್ ಒಳಗೆ ಫೈಲು ಫೈಲಾಗೇ ಇರುತ್ತೆ, ಗ್ಲಸ್ಟರ್ ಇಲ್ಲದಿದ್ದರೂ ತೆಗೆದು ಓದಬಹುದು. ಶಾರ್ಡಿಂಗ್ ಇದ್ದರೆ ಸಿಗೋದು ದಾರ ಬಿಚ್ಚಿ ಹರಡಿದ ಓಲೆಗಳ ಹಾಗೆ, ತುಂಡು ತುಂಡು. ಅಂಥ ವಾಲ್ಯೂಮ್ ಇಟ್ಟುಕೊಂಡಿರೋರು ಅದು ಓಡ್ತಾ ಇರುವಾಗಲೇ ಇಮೇಜ್‌ಗಳನ್ನು ಒಂದೊಂದಾಗಿ ಬೇರೆ ಕಡೆ ಪ್ರತಿ ಮಾಡ್ಕೋಬೇಕು.