ಕುಮಟಾದಲ್ಲಿ ಬೆಳೆಯದ ಕುಮಟಾ ಹತ್ತಿ

ಹತ್ತೊಂಬತ್ತನೇ ಶತಮಾನದ ಹತ್ತಿ ಪೇಟೆಯಲ್ಲಿ ‘ಕುಮಟಾ’ ಎಂದರೆ ಊರಲ್ಲ, ಒಂದು ಜಾತಿಯ ಅರಳೆ. ಆದರೆ ಕುಮಟಾದ ಸುತ್ತ ಇರುವುದು ಅಘನಾಶಿನಿ ಹೊಳೆಯ ಉಪ್ಪುನೀರಿನ ಗಜನಿ ಗದ್ದೆ, ತೆಂಗಿನ ತೋಟ, ಸಾಣಿಕಟ್ಟೆಯ ಉಪ್ಪಿನ ಆಗರ. ಹತ್ತಿ ಬೆಳೆಯುವ ಮಣ್ಣೇ ಅದಲ್ಲ. ಬೆಳೆ ಧಾರವಾಡ ಸೀಮೆಯ ಎರೆಹೊಲದ್ದು. ಘಟ್ಟ ಇಳಿದು ದೋಣಿ ಹತ್ತಿದ ಜಾಗದ ಹೆಸರು ಅದಕ್ಕೆ ಅಂಟಿಕೊಂಡಿತು. ಕರಾವಳಿಯ ಊರುಗಳ ಏಳುಬೀಳನ್ನು ನಾವು ಸಾಮಾನ್ಯವಾಗಿ ಸಮುದ್ರದ ಕಡೆಯಿಂದ ನೋಡುತ್ತೇವೆ: ಒಳ್ಳೆಯ ಬಂದರಿದ್ದರೆ ಊರು ಬೆಳೆಯಿತು, ಹೂಳು ತುಂಬಿದರೆ ಕೆಟ್ಟಿತು. ಕುಮಟಾವನ್ನು ಘಟ್ಟದ ಕಡೆಯಿಂದ ನೋಡಬೇಕು. ಅದನ್ನು ಬೆಳೆಸಿದ್ದು, ಆಮೇಲೆ ಕೈಬಿಟ್ಟದ್ದು ಎರಡೂ ದಾರಿಯೇ.

ಎರೆಹೊಲದಲ್ಲಿ ಈ ಹತ್ತಿ ಬಿತ್ತುತ್ತಿದ್ದದ್ದು ಶ್ರಾವಣ ಭಾದ್ರಪದದ ಹೊತ್ತಿಗೆ, ಬಿಡಿಸುತ್ತಿದ್ದದ್ದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಜೂನ್ ಬಂತೆಂದರೆ ಅರಬ್ಬಿ ಸಮುದ್ರದಲ್ಲಿ ಪತ್ತೆಮಾರಿ ಹಾಯಿಹಡಗುಗಳು ಓಡುತ್ತಿರಲಿಲ್ಲ. ಅಂದರೆ ಬಿಡಿಸಿದ ಹತ್ತಿ ಸಿರ್ಸಿಯ ಕಾಡು ದಾಟಿ, ದೇವಿಮನೆ ಘಟ್ಟ ಇಳಿದು, ಮುಂಬಯಿಗೆ ಹೊರಡಲು ಸಿಗುತ್ತಿದ್ದದ್ದು ಕೆಲವೇ ವಾರ. ಹಿಂದೆ ಈ ಕೆಲಸ ಹೇರೆತ್ತುಗಳದ್ದು. ಅವು ಇಳಿಯುವಾಗ ಘಟ್ಟದ ಮೇಲಿನ ಸರಕು, ಹತ್ತುವಾಗ ಉಪ್ಪು ಹೊರುತ್ತಿದ್ದವು. ಕಾಲುದಾರಿಯ ಧೂಳು, ಕಸ ಹತ್ತಿಗೆ ಸೇರುತ್ತದೆಂಬುದು ಇಂಗ್ಲೆಂಡಿನ ಗಿರಣಿಗಳವರ ಹಳೆಯ ದೂರು. ಗಾಡಿ ರಸ್ತೆಯಾದ ಮೇಲೆ ಅದೇ ವಾರಗಳಲ್ಲಿ ಎಷ್ಟೋ ಪಟ್ಟು ಹೆಚ್ಚು ಸರಕು ಇಳಿಯತೊಡಗಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಇಂಗ್ಲೆಂಡಿಗೆ ಬರುತ್ತಿದ್ದ ಹತ್ತಿ ನಿಂತಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನ ಕೈಯಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಆ ವರ್ಗಾವಣೆಯ ಹಿಂದೆ ಹತ್ತಿಯ ದಾರಿಯ ಯೋಚನೆಯೇ ಮುಖ್ಯವಾಗಿತ್ತು. ಸರಕಾರಕ್ಕೆ ಅರಳೆಯ ಮೇಲಿದ್ದಷ್ಟು ಅಕ್ಕರೆ ಘಟ್ಟದ ಕೆಳಗಿನವರ ಮೇಲೂ ಇತ್ತು ಎನ್ನುವ ಧೈರ್ಯ ನನಗಿಲ್ಲ.

ಹಾಗಾದರೆ ಬಂದರಿಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಇದಕ್ಕೆ ಕಾರವಾರವೇ ಉತ್ತರ. ಈ ಕರಾವಳಿಯಲ್ಲಿ ಗಾಳಿಗೆ ಮರೆಯಾದ, ಆಳವಾದ ಕೊಲ್ಲಿ ಇರುವುದು ಅಲ್ಲಿ. ಕುಮಟಾದ್ದಾದರೋ ಬರಿಯ ತೆರೆದ ಕಡಲು. ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕು. ಅದೇ 1862ರ ಸುಮಾರಿಗೆ ಮ್ಯಾಂಚೆಸ್ಟರಿನ ಹತ್ತಿ ಕಂಪನಿಯೊಂದು ಕಾರವಾರದ ಪಕ್ಕದ ಸದಾಶಿವಗಡಕ್ಕೆ ಅರಳೆ ಒತ್ತುವ ಯಂತ್ರಗಳನ್ನು ಕಳಿಸಿತು. ಇಳಿಸಲು ಅಲ್ಲಿ ಕಟ್ಟೆಯಿರಲಿಲ್ಲ, ಘಟ್ಟ ಹತ್ತಲು ಗಾಡಿ ರಸ್ತೆಯಿರಲಿಲ್ಲ. ಒಳ್ಳೆಯ ಬಂದರು ಕಾಯುತ್ತ ಕೂತಿತು, ಕೆಟ್ಟ ಬಂದರು ವ್ಯಾಪಾರ ಮಾಡಿತು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಊರನ್ನು ಕಟ್ಟಿದ್ದು ರಸ್ತೆಯಲ್ಲ, ಅಲ್ಲಿನ ವರ್ತಕರ ಬಂಡವಾಳ ಮತ್ತು ಸಾಹಸ. ನಿಜ, ಸಾಲ ಕೊಡುವವನಿಲ್ಲದೆ ಗಾಡಿ ಹೊರಡುವುದಿಲ್ಲ. ಆದರೆ ಬಂಡವಾಳಕ್ಕೆ ಕಾಲಿದೆ. ದಾರಿ ತಿರುಗಿದತ್ತ ಅದೂ ನಡೆಯುತ್ತದೆ.

ಹಾಗೆ ನಡೆದದ್ದು 1880ರ ದಶಕದಲ್ಲಿ. ದಕ್ಷಿಣ ಮರಾಠಾ ರೈಲ್ವೆ ಹುಬ್ಬಳ್ಳಿ, ಗದಗಗಳಿಗೆ ಬಂತು. ಕ್ಯಾಸಲ್‌ರಾಕ್ ಮೂಲಕ ಗೋವೆಯ ಮುರಗಾವಿಗೆ ಹಳಿ ಕೂಡಿತು. ಅರಳೆ ಹಿಂಜುವ, ಒತ್ತುವ ಕಾರಖಾನೆಗಳು ರೈಲು ನಿಲ್ದಾಣಗಳ ಮಗ್ಗುಲಲ್ಲೇ ಎದ್ದವು. ಕುಮಟಾದ ಕಡಲು ಆಗಲೂ ಮೊದಲಿನಂತೆಯೇ ಇತ್ತು, ಮಳೆಗಾಲವೂ ಜೂನಿಗೇ ಬರುತ್ತಿತ್ತು. ಬದಲಾದದ್ದು ಘಟ್ಟದ ಮೇಲಿನ ಲೆಕ್ಕ ಮಾತ್ರ. ಅಷ್ಟು ಕಾಲ ಕಾದ ಕಾರವಾರದಲ್ಲೂ ಹತ್ತಿ ನಿಲ್ಲಲಿಲ್ಲ.

ಈಗ ಕುಮಟಾದ ಮುಖ್ಯ ದಾರಿ ಪೂರ್ವ–ಪಶ್ಚಿಮವಲ್ಲ, ಉತ್ತರ–ದಕ್ಷಿಣ. ಕರಾವಳಿಯ ಹೆದ್ದಾರಿ, 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು, ಎರಡೂ ಕಡಲಿಗೆ ಸಮಾನಾಂತರವಾಗಿ ಓಡುತ್ತವೆ. ಒಂದು ಕಾಲಕ್ಕೆ ಸರಕು ಬಂದು ಮುಗಿಯುತ್ತಿದ್ದ ಊರು ಈಗ ಹಾದುಹೋಗುವ ಊರು. ಘಟ್ಟದ ಮೇಲೆ ಮಾತ್ರ, ಅರಳೆ ಇಲ್ಲಿಗೆ ಇಳಿಯುವುದು ನಿಂತು ಎಷ್ಟೋ ಕಾಲವಾದ ಮೇಲೂ, ಕೃಷಿ ತಜ್ಞರು ಧಾರವಾಡದ ದೇಸಿ ಹತ್ತಿಯನ್ನು ಕುಮಟಾ ಎಂದೇ ಕರೆಯುತ್ತಿದ್ದರು.