ಕಂಡೂಶಬ್ದವೂ ಒಂದು ವಂಶಾನುಗತ ಚರ್ಮವ್ಯಾಧಿಯೂ

ಕಂಡೂ ಎಂಬುದು ನಾಮವೂ ಹೌದು, ಧಾತುವೂ ಹೌದು. ನಾಮವಾದಾಗ ಅದಕ್ಕೆ ತುರಿಕೆಯೆಂದೂ ಧಾತುವಾದಾಗ ಮೈಯನ್ನು ಕೆರೆಯುವುದೆಂದೂ ಅರ್ಥ. ಪಾಣಿನೀಯದಲ್ಲಿ ಕಂಡ್ವಾದಿಗಣಕ್ಕೆ ಇದೇ ಮೊದಲನೆಯದು. ವೇದನೆಯೂ ಅದರಿಂದ ಹುಟ್ಟುವ ಕ್ರಿಯೆಯೂ ಹೀಗೆ ಒಂದೇ ಶಬ್ದದಲ್ಲಿ ಸೇರಿರುವುದು ವಸ್ತುಸ್ಥಿತಿಗೆ ಅನುಗುಣವಾಗಿಯೇ ಇದೆ. ಕ್ರಿ. ಶ. 1660ರಲ್ಲಿ ಜರ್ಮನ್ ವೈದ್ಯನಾದ ಹಾಫೆನ್‌ರೆಫರನು ತುರಿಕೆಗೆ ಲಕ್ಷಣವನ್ನು ಹೇಳುವಾಗ ಕೆರೆಯುವ ಇಚ್ಛೆಯನ್ನೇ ಅದರ ಗುರುತನ್ನಾಗಿ ಹಿಡಿದನು. ಈ ಸಂಬಂಧವೇ ದೇಹಕ್ಕೆ ಘಾತಕವಾಗುವ ವ್ಯಾಧಿಯೊಂದುಂಟು.

ಅಲ್ಪಘರ್ಷಣೆಯಿಂದಲೇ ಬೊಕ್ಕೆಗಳೇಳುವ ಈ ವಂಶಾನುಗತ ವ್ಯಾಧಿಯನ್ನು 1870ರಲ್ಲಿ ವಿಯೆನ್ನಾದ ಹೆಬ್ರಾ ವರ್ಣಿಸಿದನು. 1886ರಲ್ಲಿ ಕ್ಯೋಬ್ನರನು ಇದನ್ನು ಎಪಿಡರ್ಮೋಲೈಸಿಸ್ ಬುಲ್ಲೋಸಾ ಎಂದು ಕರೆದನು. ಗ್ರೀಕ್ ಮೂಲದ ಪೂರ್ವಪದಕ್ಕೆ ಮೇಲ್ಚರ್ಮದ ಸಡಿಲಿಕೆಯೆಂದೂ ಲ್ಯಾಟಿನ್ ಮೂಲದ ಉತ್ತರಪದಕ್ಕೆ ಬೊಕ್ಕೆಗಳುಳ್ಳದ್ದೆಂದೂ ಅರ್ಥ. ಆ ನಾಮಕರಣದಲ್ಲಿ ತುರಿಕೆಗೆ ಎಡೆಯಿರಲಿಲ್ಲ. 1994ರಲ್ಲಿ ಮೆಕ್‌ಗ್ರಾತ್ ಮೊದಲಾದ ವಿದ್ವಾಂಸರು ತೀವ್ರವಾದ ತುರಿಕೆಯುಳ್ಳ ಪ್ರಭೇದವೊಂದನ್ನು ಬೇರ್ಪಡಿಸಿ, ತುರಿಕೆಯುಳ್ಳದ್ದೆಂಬ ಅರ್ಥದ ಪ್ರುರಿಜಿನೋಸಾ ಎಂಬ ವಿಶೇಷಣವನ್ನು ಸೇರಿಸಿದರು.

ಈ ಪ್ರಭೇದದಲ್ಲಿ ಒಡೆಯದ ಬೊಕ್ಕೆಗಳು ಕಾಣುವುದು ವಿರಳ. ಮುಖ್ಯವಾಗಿ ಮೊಣಕಾಲಿನ ಕೆಳಗೆ ದಪ್ಪನಾದ ಗಂಟುಗಳೇಳುವುವು. ಕೆಲವರಲ್ಲಿ ಪ್ರಾಯ ಬಂದ ಮೇಲೆಯೇ ಲಕ್ಷಣಗಳು ತೋರುವುದರಿಂದ ಇದು ಬೇರೆ ತುರಿರೋಗವೆಂಬ ಭ್ರಾಂತಿಗೆ ಅವಕಾಶವಾಗುತ್ತದೆ. ಮೇಲ್ಚರ್ಮವನ್ನು ಒಳಚರ್ಮಕ್ಕೆ ಬಿಗಿಯುವ ತಂತುಗಳಿಗೆ ಆಧಾರವಾದ ಏಳನೆಯ ಬಗೆಯ ಕೊಲಾಜೆನ್ನಿನ ಜೀನ್‌ನಲ್ಲಿರುವ ದೋಷವೇ ಇದಕ್ಕೆ ಮೂಲ. ಕೆರೆದರೆ ಚರ್ಮವು ಕಳಚುವುದು. ಕಳಚಿದ ಗಾಯವು ಮಾಯುವಾಗ ಮತ್ತೆ ತುರಿಕೆ ಹುಟ್ಟುವುದು. ಆದುದರಿಂದ ಕೆರೆಯಬಾರದೆಂಬ ಉಪದೇಶ ಮಾತ್ರದಿಂದ ರೋಗಿಗೆ ಪ್ರಯೋಜನವಿಲ್ಲ.

ಚಿಕಿತ್ಸೆಯ ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. ಹಿಸ್ಟಮಿನ್ ಎಂಬ ದ್ರವ್ಯವನ್ನು ತಡೆಯುವ ಔಷಧಗಳ ಶೋಧನೆಯು 1937ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಬೋವೆ ಮತ್ತು ಸ್ಟಾಬ್ ಎಂಬವರಿಂದ ಆರಂಭವಾಯಿತು. ಆದರೆ ಪ್ರಕೃತ ವ್ಯಾಧಿಯಲ್ಲಿ ಅವುಗಳಿಂದ ಸಾಮಾನ್ಯವಾಗಿ ಅಲ್ಪಫಲವೇ. ಅನಂತರ ಸೈಕ್ಲೋಸ್ಪೋರಿನ್, ಥಾಲಿಡೊಮೈಡ್ ಮುಂತಾದವು ಕೆಲವು ರೋಗಿಗಳಲ್ಲಿ ಪ್ರಯೋಗಿಸಲ್ಪಟ್ಟವು. ಎರಡನೆಯದು ಗರ್ಭಸ್ಥ ಶಿಶುವಿಗೆ ಘಾತಕವಾದುದು. 2017ರಲ್ಲಿ ಅಮೆರಿಕದಲ್ಲಿ ಎಟೋಪಿಕ್ ಡರ್ಮಟೈಟಿಸ್ ಎಂಬ ಬೇರೊಂದು ಚರ್ಮರೋಗಕ್ಕೆ ಅನುಮತಿ ಪಡೆದ ಡ್ಯುಪಿಲುಮ್ಯಾಬ್ ಇಂಟರ್‌ಲ್ಯೂಕಿನ್ 4 ಮತ್ತು 13ರ ಪ್ರೇರಣೆಯನ್ನು ತಡೆಯುತ್ತದೆ. ಇದರಿಂದ ಪ್ರಕೃತ ವ್ಯಾಧಿಯ ಕೆಲವು ರೋಗಿಗಳಿಗೂ ತುರಿಕೆ ಶಮನವಾದುದನ್ನು ವೈದ್ಯರು ವರದಿ ಮಾಡಿದ್ದಾರೆ. ಆದರೆ ಇವು ಬಹುಮಟ್ಟಿಗೆ ಒಬ್ಬಿಬ್ಬರು ರೋಗಿಗಳ ವೃತ್ತಾಂತಗಳಾದುದರಿಂದ ಇವನ್ನು ಸಿದ್ಧಾಂತವೆನ್ನಲಾಗದು.

ಬೊಕ್ಕೆಯು ಪ್ರಧಾನವ್ಯಾಧಿ, ತುರಿಕೆಯು ಅದರ ಉಪದ್ರವ ಎಂಬ ಎಣಿಕೆಯಿದ್ದವರೆಗೆ ವೈದ್ಯರ ದೃಷ್ಟಿ ಗಾಯದ ಮೇಲೆಯೇ ನಿಂತಿತ್ತು. ವಿಶೇಷಣವೊಂದು ಸೇರಿದ ಮೇಲೆ ತುರಿಕೆಯೇ ಗಾಯಕ್ಕೆ ಹೇತುವೆಂದೂ, ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕೆಂದೂ ಸ್ಪಷ್ಟವಾಯಿತು. ಶಬ್ದನಿರ್ಣಯವು ಶಾಸ್ತ್ರಕ್ಕೆ ಮಾತ್ರವಲ್ಲದೆ ಆರ್ತರಿಗೂ ಉಪಕಾರಕವೆಂಬುದಕ್ಕೆ ಇದೊಂದು ನಿದರ್ಶನ.